ತೋಟದ ಜೇಬು – 6: ಮುಚ್ಚಿದ ಚಾಕು ಮುಚ್ಚೇ ಇರ್ಬೇಕು

ಮೊದಲನೇ ಫೋಟೋದಲ್ಲಿ ಇರೋದು ನನ್ನ ಬೆರಳು. ಮೂರು ಹೊಲಿಗೆ. ಕಳಸದಿಂದ ಮೂಡಿಗೆರೆಗೆ ಬರೋ ಬಸ್ಸಲ್ಲಿ, ಕೊಟ್ಟಿಗೆಹಾರ ದಾಟಿದ ಮೇಲೆ, ಇಯರ್‌ಫೋನ್ ತೆಗೆಯೋಣ ಅಂತ ಜರ್ಕಿನ್ ಜೇಬಿಗೆ ಕೈ ಹಾಕಿದೆ. ಒಳಗಿದ್ದ ಮಡಚೋ ಚಾಕು ತಾನಾಗೇ ಅರ್ಧ ಬಾಯಿ ಬಿಟ್ಟಿತ್ತು. ತಪ್ಪು ರಸ್ತೆ ತಿರುವಿನದಲ್ಲ, ನನ್ನದೇ. ಕೊಳ್ಳುವಾಗ ಹರಿತ ನೋಡಿದ್ದೆ, ಹಿಡಿ ನೋಡಿದ್ದೆ, ರೇಟು ನೋಡಿದ್ದೆ. ಮುಚ್ಚಿದಾಗ ಅದನ್ನ ಮುಚ್ಚಿ ಹಿಡಿದಿರೋದು ಏನು ಅಂತ ಮಾತ್ರ ನೋಡಿರಲಿಲ್ಲ.

ನೀವೂ ನೋಡಿರಲ್ಲ, ಬೆಟ್ ಕಟ್ತೀನಿ. "ಲಾಕ್ ಇದೆ" ಅಂತ ಅಂಗಡಿಯವರು ಹೇಳಿದ್ರೆ ನಮಗೆ ಸಮಾಧಾನ. ಆದರೆ ಬಹುತೇಕ ಚಾಕುಗಳ ಲಾಕ್ ಇರೋದು ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಿರಲಿ ಅಂತ. ಮುಚ್ಚಿದ ಮೇಲೆ ಆ ಲಾಕ್‌ಗೆ ಕೆಲಸವೇ ಇಲ್ಲ. ಅಲ್ಲಿ ಬೇರೆ ಏನೋ ಹಿಡ್ಕೊಂಡಿರುತ್ತೆ.

ಹಳೇ ಮಾದರಿಯ ಚಾಕುವಿನಲ್ಲಿ ಅದು ಹಿಡಿಯ ಬೆನ್ನಲ್ಲಿರೋ ಉದ್ದನೆ ಸ್ಪ್ರಿಂಗ್ ಪಟ್ಟಿ. ಅಲಗಿನ ಬುಡವನ್ನ ಸದಾ ಒತ್ತುತ್ತಾ ಇರುತ್ತೆ. ಅಲಗು ಸ್ವಲ್ಪ ಎದ್ದರೂ ಮತ್ತೆ ಒಳಗೇ ಎಳೆಯುತ್ತೆ, "ಟಪ್" ಅಂತ ಕೂರುತ್ತೆ. ಈಗಿನ ಆನ್‌ಲೈನ್ ಚಾಕುಗಳಲ್ಲಿ ಹಿಡಿಯ ಒಳಗಿನ ಲೋಹದ ಪಟ್ಟಿಯಲ್ಲಿ ಸಾಸಿವೆಯಷ್ಟು ಪುಟ್ಟ ಗುಂಡು. ಮುಚ್ಚಿದಾಗ ಅದು ಅಲಗಿನ ಮಗ್ಗುಲಲ್ಲಿರೋ ಗುಳಿಗೆ ಬಿದ್ದು ಕೂರುತ್ತೆ. ಅಷ್ಟೇ. ಗುಂಡು ಸವೆದರೆ, ತಿರುಪು ಸಡಿಲ ಆಗಿ ಅಲಗು ಅಲ್ಲಾಡಿದರೆ, ಕಥೆ ಮುಗೀತು. ನಂದು ಈ ಜಾತಿ.

ಇನ್ನು ಬಟನ್ ಚಾಕು. ಸಿನಿಮಾ ನೋಡಿ ಎಲ್ರಿಗೂ ಆಸೆ. ಅದರ ಸ್ಪ್ರಿಂಗ್ ತಳ್ಳೋದು ಹೊರಗಡೆಗೆ! ಜೇಬಲ್ಲಿ ಇರುವಷ್ಟು ಹೊತ್ತೂ ಅಲಗು ಹೊರಗೆ ಬರೋಕೆ ಕಾಯ್ತಿರುತ್ತೆ, ತಡೆದಿರೋದು ಒಂದು ಚಿಕ್ಕ ಕೊಂಡಿ. ನಮ್ಮ ಕಸಿ ಕತ್ತರಿ ನೆನಪಿಸ್ಕೊಳ್ಳಿ. ಅದರ ಸ್ಪ್ರಿಂಗೂ ಬಾಯಿ ತೆರೆಸೋದಕ್ಕೇ ಇರೋದು. ಕೊಂಡಿ ಸವೆದ ಮೇಲೆ ಏನ್ಮಾಡ್ತೀವಿ? ಸೈಕಲ್ ಟ್ಯೂಬಿನ ರಬ್ಬರ್ ಸುತ್ತುತ್ತೀವಿ. ಕತ್ತರಿಗಾದ್ರೆ ಸರಿ, ಪ್ಯಾಂಟ್ ಜೇಬಿಗೆ ನಾನಂತೂ ಅದನ್ನ ಹಾಕಲ್ಲ. ನಿಮ್ಮ ಪರ ಇರೋ ಸ್ಪ್ರಿಂಗ್ ತಗೊಳ್ಳಿ.

ದೊಡ್ಡ ಕಂಪನಿಗಳಿಗೂ ಇದು ತಡವಾಗೇ ಹೊಳೆದದ್ದು. ಫ್ರಾನ್ಸಿನ ಒಪಿನೆಲ್ 1890ರಿಂದ ಮರದ ಹಿಡಿಯ ಚಾಕು ಮಾಡ್ತಿದೆ. 1955ರಲ್ಲಿ ತಿರುಗಿಸೋ ಉಂಗುರ ಹಾಕಿದ್ರು, ತೆರೆದ ಅಲಗು ನಿಲ್ಲೋಕೆ. ಅದೇ ಉಂಗುರ ಮುಚ್ಚಿದ ಅಲಗನ್ನೂ ಹಿಡಿಯೋ ಹಾಗೆ ಆಗಿದ್ದು 2000ದಲ್ಲಿ. ನಲವತ್ತೈದು ವರ್ಷ! (ನಮ್ಮ ಮಳೆಗಾಲಕ್ಕೆ ಆ ಮರದ ಹಿಡಿ ಉಬ್ಬಿ ಅಲಗು ಕಚ್ಕೊಳ್ಳುತ್ತೆ, ಅದು ಬೇರೆ ತಲೆನೋವು.)

"ಕತ್ತಿ ಹಿಡಿದು ಬೆಳೆದವರಿಗೆ ಚಾಕು ಪಾಠನಾ?" ಅಂತ ನಮ್ಮ ಮಾವ ನಕ್ಕರು. ಮಾವನ ಕತ್ತಿ ಸೊಂಟದ ಕೊಕ್ಕೆಯಲ್ಲಿ ಎಲ್ಲರಿಗೂ ಕಾಣೋ ಹಾಗೆ ನೇತಾಡುತ್ತೆ, ಅದಕ್ಕೇ ಎಲ್ಲರೂ ಒಂದು ಮಾರು ದೂರ. ಮಡಚಿದ ಚಾಕು ಕಾಣಲ್ಲ. ಜೇಬಿಗೆ ಹಾಕಿ ಮರೀತೀವಿ. ಮೆಣಸು ಕೊಯ್ಯೋಕೆ ಏಣಿ ಹತ್ತಿದಾಗ, ಬೈಕಿನಲ್ಲಿ ಕೂತಾಗ, ಮನೆಗೆ ಬಂದು ಪ್ಯಾಂಟ್ ಗೂಟಕ್ಕೆ ಹಾಕಿದಾಗ ಕೂಡ. ಆ ಗೂಟ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಮಗನ ಕೈಗೆ ಎಟುಕುತ್ತೆ. ಅವನಿಗೆ ನಾಲ್ಕು ವರ್ಷ.

ಕೊಳ್ಳುವಾಗ ಎರಡೇ ಕೆಲಸ ಮಾಡಿ. ಅಲಗು ಸ್ವಲ್ಪವೇ ಎತ್ತಿ ಬಿಡಿ, ಬೆರಳು ದಾರಿಯಲ್ಲಿ ಇಡಬೇಡಿ. ತಾನಾಗೇ ಒಳಗೆ ಹೋಗಬೇಕು. ಆಮೇಲೆ ಮುಚ್ಚಿ, ಅಲಗಿನ ಬಾಯಿ ನೆಲದ ಕಡೆ ಮಾಡಿ, ಕಾಲಿಂದ ದೂರ ಹಿಡಿದು ಜೋರಾಗಿ ಕುಲುಕಿ. ಇಣುಕಿದರೆ ವಾಪಸ್ ಕೊಡಿ, ಅಂಗಡಿಯವರು ಮುಖ ಸಿಂಡರಿಸಿದ್ರೂ ಪರವಾಗಿಲ್ಲ.

ಮನೆಯಲ್ಲಿರೋದನ್ನೂ ಒಮ್ಮೆ ನೋಡಿ. ಹಲಸಿನ ಹಣ್ಣು ಬಿಡಿಸಿದ ಚಾಕುವಿನ ಸೀಳಿನಲ್ಲಿ ಮೇಣ ಗಟ್ಟಿಯಾಗಿ ಕೂತಿದ್ದರೆ ಅಲಗು ಪೂರ್ತಿ ಒಳಗೆ ಹೋಗಲ್ಲ, ತುದಿ ಒಂದಿಷ್ಟು ಹೊರಗೇ ಉಳಿಯುತ್ತೆ. ಕೊಬ್ಬರಿ ಎಣ್ಣೆ ಹಚ್ಚಿ ಕಡ್ಡಿಯಿಂದ ಕೆರೆದು ತೆಗೀರಿ. ತುಕ್ಕು ಹಿಡಿದು ಸ್ಪ್ರಿಂಗ್ ಜೀವ ಕಳ್ಕೊಂಡಿದ್ದರೆ ಜೇಬಿಗೆ ಬೇಡ, ಅಡುಗೆಮನೆ ಮೇಲಿನ ಅಟ್ಟಕ್ಕೆ ಹೋಗಲಿ. ನಂದು ಈಗ ಅಲ್ಲೇ ಇದೆ, ರಬ್ಬರ್ ಸುತ್ತಿಕೊಂಡು.