ಮೊದಲನೆಯ ದರ್ಜೆಯ ಹಂಬಲ

ಈಚೆಗೆ ನಮ್ಮ ನಗರಗಳ ವಿದ್ಯಾವಂತರಲ್ಲಿ ಒಂದು ವಿಚಿತ್ರವಾದ ಹಂಬಲ ಹಬ್ಬಿದೆ. ಕಳೆದ ಶತಮಾನದ ನಡುಗಾಲದ ಫಸ್ಟ್ ಕ್ಲಾಸ್ ರೈಲು ಡಬ್ಬಿಯನ್ನು ನೆನೆನೆನೆದು ಅವರು ನಿಟ್ಟುಸಿರಿಡುತ್ತಾರೆ. ತೇಗದ ಹಲಗೆಯ ಗೋಡೆ, ಚರ್ಮದ ಹೊದಿಕೆಯ ಅಗಲವಾದ ಮೆತ್ತೆ, ಕಿಟಕಿಗೆ ಗಾಜಿನದೊಂದು, ತಂತಿಜಾಲರಿಯದೊಂದು, ಮರದ ಪಟ್ಟಿಗಳದೊಂದು ಎಂದು ಮೂರು ಮರೆ, ಪ್ಲಾಟ್‌ಫಾರಮ್ಮಿಗೇ ತೆರೆಯುವ ಸ್ವಂತ ಬಾಗಿಲು, ಸ್ವಂತ ಸ್ನಾನದ ಮನೆ! ಬೇಸಗೆಯಲ್ಲಿ ಪಂಖದ ಕೆಳಗೆ ತೊಟ್ಟಿಯಲ್ಲಿ ಮಂಜುಗಡ್ಡೆ ಇರಿಸಿ ತಂಪು ಮಾಡಿಕೊಳ್ಳುವುದೂ ಇತ್ತು. ಆಗಿನದು ಪ್ರಯಾಣ, ಈಗಿನದು ಬರಿಯ ಸಾಗಾಟ ಎಂಬುದು ಇವರ ತೀರ್ಪು.

ತೀರ್ಪು ಕೊಡುವ ಮುನ್ನ ಸಾಕ್ಷಿಗಳನ್ನೆಲ್ಲ ಕೇಳುವುದು ನ್ಯಾಯ. ಆ ಮೊದಲನೆಯ ದರ್ಜೆಗೆ ತಗುಲಿದಂತೆ ಒಂದು ಕಿರುಗೂಡೂ ಇರುತ್ತಿತ್ತು. ಅದು ದೊರೆಗಳ ಆಳುಗಳಿಗೆ. ಹಂಬಲಿಸುವವರಲ್ಲಿ ಒಬ್ಬರಾದರೂ ಆ ಗೂಡನ್ನು ನೆನೆದದ್ದನ್ನು ಕಾಣೆ. ಎಲ್ಲರೂ ಮೆತ್ತೆಯ ಮೇಲೆ ಕುಳಿತೇ ಹಿಂದಿನ ಕಾಲವನ್ನು ನೆನೆಯುತ್ತಾರೆ! ಆ ಹಳೆಯ ಡಬ್ಬಿಗಳಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಣಿಯೇ ಇರಲಿಲ್ಲ. ಒಳಗಿನಿಂದ ಅಗಳಿ ಹಾಕಿದರೆ ಹೊರಗಿನ ಪ್ರಪಂಚ ಮುಗಿಯಿತು. ತೇಗವಲ್ಲ, ಚರ್ಮವಲ್ಲ, ಆ ಅಗಳಿಯೇ ಅಲ್ಲಿನ ನಿಜವಾದ ಸೊಗಸು.

ಅಗಳಿಯ ಆಚೆ ಏನಿತ್ತು? ಅದಕ್ಕೆ ನಮ್ಮ ರಾಯಚೂರೇ ಸಾಕ್ಷಿ. ಮುಂಬಯಿಯಿಂದ ಬಂದ ಜಿ. ಐ. ಪಿ. ರೈಲುದಾರಿಯೂ ಮದರಾಸಿನಿಂದ ಬಂದ ದಾರಿಯೂ 1871ರಲ್ಲಿ ಕೂಡಿದ್ದು ಈ ಊರಿನಲ್ಲಿ. 1917ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಹದಿಮೂರು ರೂಪಾಯಿ ಒಂಬತ್ತಾಣೆ ತೆತ್ತು, ಇದೇ ದಾರಿಯಲ್ಲಿ ಮುಂಬಯಿಯಿಂದ ಮದರಾಸಿಗೆ ಮೂರನೆಯ ದರ್ಜೆಯಲ್ಲಿ ಹೋದರು. ಇಪ್ಪತ್ತೆರಡು ಜನರ ಡಬ್ಬಿ, ಎರಡು ರಾತ್ರಿಯ ಪಯಣ, ಕೂತೇ ನಿದ್ದೆ. ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ಸಹಿಸಲಾರದಷ್ಟಾಯಿತು, ರೈಲ್ವೆಯ ನೌಕರರು ಒಳಬಂದದ್ದು ಇನ್ನಷ್ಟು ಜನರನ್ನು ತುರುಕುವುದಕ್ಕೇ ಎಂದು ಅವರು ಬರೆದರು. ದಾರಿಯುದ್ದಕ್ಕೂ ಒಮ್ಮೆಯೂ ಕಸ ಗುಡಿಸಲಿಲ್ಲವೆಂದೂ ಬರೆದರು.

“ಹೆಚ್ಚು ಕಾಸು ಕೊಟ್ಟವರಿಗೆ ಹೆಚ್ಚು ಸುಖ, ಇದರಲ್ಲಿ ಅನ್ಯಾಯವೇನು?” ಎಂದು ಕೇಳುವವರುಂಟು. ಗಾಂಧೀಜಿ ಈ ಲೆಕ್ಕವನ್ನೂ ಬಿಡಲಿಲ್ಲ. ಆ ದಾರಿಯಲ್ಲಿ ಮೊದಲನೆಯ ದರ್ಜೆಯ ದರ ಮೂರನೆಯದರ ಐದು ಪಟ್ಟಿಗಿಂತ ತುಸು ಹೆಚ್ಚು. ಹಾಗಾದರೆ ಮೂರನೆಯವನಿಗೆ ಐದರಲ್ಲೊಂದು ಪಾಲು ಸುಖವಾದರೂ ದಕ್ಕಬೇಡವೆ? ಹತ್ತರಲ್ಲೊಂದು ಪಾಲೂ ದಕ್ಕಲಿಲ್ಲ. ಪ್ರಯಾಣಿಕರಿಂದ ರೈಲ್ವೆಗೆ ಬರುತ್ತಿದ್ದ ಹುಟ್ಟುವಳಿಯ ಬಹುಪಾಲು ಮಾತ್ರ ಮೂರನೆಯ ದರ್ಜೆಯದೇ. ಉಂಡವರು ಯಾರೋ, ತೆತ್ತವರು ಯಾರೋ!

ಸ್ವರಾಜ್ಯ ಬಂದ ಮೇಲೆ ಏನಾಯಿತು? ಹೆಸರು ಬದಲಾಯಿತು. 1955ರಲ್ಲಿ ಹಳೆಯ ಮೊದಲನೆಯ ದರ್ಜೆ ರದ್ದಾಯಿತು. ಎರಡನೆಯದು ಮೊದಲನೆಯದೆನಿಸಿಕೊಂಡಿತು, ಇಂಟರ್ ಎಂಬುದು ಎರಡನೆಯದಾಯಿತು. ಮೂರನೆಯದು ಮೂರನೆಯದಾಗಿಯೇ ಉಳಿಯಿತು. 1974ರಲ್ಲಿ ಅದಕ್ಕೂ ಮುಕ್ತಿ ಸಿಕ್ಕಿತು: ಮೂರನೆಯ ದರ್ಜೆಯನ್ನು ಎರಡನೆಯದೆಂದು ಕರೆದರು. ಹಲಗೆಯ ಮೇಲಿನ ಅಂಕೆ ಅಳಿಸಿತು, ಕೂರುವ ಹಲಗೆ ಅದೇ. ಗುಣವನ್ನು ಮುಟ್ಟದೆ ನಾಮಕರಣ ಮಾಡುವುದು ಸರಕಾರಗಳಿಗೆ ಬಲು ಸುಲಭವಾದ ಸುಧಾರಣೆ.

ಆದರೆ ಹಲಗೆಯನ್ನೂ ಮುಟ್ಟಬಹುದೆಂದು ತೋರಿಸಿದವರೊಬ್ಬರಿದ್ದರು. 1977ರಿಂದ 1979ರವರೆಗೆ ರೈಲ್ವೆ ಸಚಿವರಾಗಿದ್ದ ಮಧು ದಂಡವತೆ ಎರಡನೆಯ ದರ್ಜೆಯ ಬರಿಯ ಮರದ ಮಲಗುಹಲಗೆಗಳಿಗೆ ಎರಡಂಗುಲದ ಮೆತ್ತೆ ಹಾಕಿಸಲು ತೊಡಗಿದರು. ಎರಡೇ ಅಂಗುಲ! ತೇಗದ ಗೋಡೆಯನ್ನು ನೆನೆದು ಕಣ್ಣೀರಿಡುವವರು ಈ ಎರಡಂಗುಲಕ್ಕೆ ಒಂದು ಸಾಲನ್ನಾದರೂ ಮೀಸಲಿಟ್ಟಿದ್ದಾರೆಯೆ?

ಇದೆಲ್ಲ ಹಳೆಯ ಕಥೆಯೆನ್ನುವವರು ಒಮ್ಮೆ ಗಬ್ಬೂರಿನ ಕಡೆ ನೋಡಬೇಕು. ದೇವದುರ್ಗ ತಾಲ್ಲೂಕಿನ ಈ ಊರು ಹಳೆಯ ಗುಡಿಗಳಿಗೂ ಶಾಸನಗಳಿಗೂ ಹೆಸರಾದದ್ದು. ಊರಿಗೆ ರೈಲಿಲ್ಲ. ಗಿಣಿಗೇರಾ ಕಡೆಯಿಂದ ರಾಯಚೂರಿಗೆ ಬರಬೇಕಾದ ಹೊಸ ದಾರಿ ಸಿಂಧನೂರನ್ನು ಮುಟ್ಟಿದ್ದೇ 2024ರಲ್ಲಿ. ಅದು ಮಾನ್ವಿಯ ಮೇಲೆ ಹಾಯುವ ದಾರಿಯೇ ಹೊರತು ದೇವದುರ್ಗದ ದಾರಿಯಲ್ಲ. ಮಳೆ ಕೈಕೊಟ್ಟ ವರುಷ ಈ ಸೀಮೆಯ ಜನ ಗುಳೆ ಹೊರಡುತ್ತಾರೆ. ಬಸ್ಸಿನಲ್ಲಿ ರಾಯಚೂರು, ಅಲ್ಲಿಂದ ರೈಲಿನಲ್ಲಿ ಬೆಂಗಳೂರು, ಪುಣೆ, ಮುಂಬಯಿ. ತಲೆಯ ಮೇಲೆ ಗಂಟು, ಬಗಲಲ್ಲಿ ಕೂಸು, ಬುತ್ತಿಯಲ್ಲಿ ಜೋಳದ ರೊಟ್ಟಿ. ಇವರು ಹತ್ತುವುದು ಜನರಲ್ ಡಬ್ಬಿ. ಅದು ಸಾಮಾನ್ಯವಾಗಿ ಗಾಡಿಯ ತುದಿಯಲ್ಲಿರುತ್ತದೆ, ನೆರಳಿನ ಚಪ್ಪರ ಮುಗಿದ ಮೇಲೆ. ಗಾಂಧೀಜಿ ಕಂಡ ರಾಯಚೂರಿನ ನೂಕುನುಗ್ಗಲನ್ನು ಕಾಣಲು ಚರಿತ್ರೆಯ ಪುಸ್ತಕ ತೆರೆಯಬೇಕಾಗಿಲ್ಲ. ದರ್ಜೆಯ ಅಂಕೆ ಹೋಗಿದೆ, ದರ್ಜೆ ಹೋಗಿಲ್ಲ.

ಹಳೆಯ ಡಬ್ಬಿಯ ಮರಗೆಲಸ ಚೆಲುವಾದದ್ದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅದನ್ನು ಮಾಡಿದ ಬಡಗಿಯ ಕೈಗೆ ನಮಸ್ಕಾರ. ಚೆಲುವನ್ನು ಉಳಿಸಲು 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವಿದೆ. ಮಹಾರಾಣಿಯವರ ಸಲೂನು ಅಲ್ಲಿ ನಿಂತಿದೆ. ಹೋಗಿ ನೋಡೋಣ, ಮಕ್ಕಳಿಗೆ ತೋರಿಸೋಣ. ಆದರೆ ವಸ್ತುಸಂಗ್ರಹಾಲಯದಲ್ಲಿ ನಿಲ್ಲಬೇಕಾದದ್ದನ್ನು ಆದರ್ಶವೆಂದು ಹೊತ್ತು ಮೆರೆಯುವುದು ಬೇಡ.

ಒಂದು ದೇಶದ ರೈಲನ್ನು ಅಳೆಯಬೇಕಾದದ್ದು ಅದರ ಕೊನೆಯ ಡಬ್ಬಿಯಿಂದ. ಅಲ್ಲಿ ಕೂರಲು ಜಾಗವಿದೆಯೆ, ಕುಡಿಯಲು ನೀರಿದೆಯೆ, ಬಸುರಿ ಹೆಂಗಸೊಬ್ಬಳು ಪಾಯಖಾನೆಯವರೆಗೆ ಹೋಗಿಬರಲು ದಾರಿಯಿದೆಯೆ? ಇವಕ್ಕೆ ಹೌದೆಂಬ ಉತ್ತರ ಬರುವತನಕ ರೈಲ್ವೆಯನ್ನು ಕೇಳಬೇಕಾದದ್ದು ಒಂದೇ: ಜನರಲ್ ಡಬ್ಬಿಗಳನ್ನು ಹೆಚ್ಚಿಸಿ, ಗುಡಿಸಿ, ನೀರು ತುಂಬಿಸಿ. ಗಬ್ಬೂರಿನ ಕೂಲಿಯವನು ತೇಗದ ಗೋಡೆಯನ್ನು ಕೇಳುತ್ತಿಲ್ಲ. ಅವನು ಟಿಕೀಟು ಕೊಂಡಿದ್ದಾನೆ. ಕೂರಲು ಒಂದು ಮೊಳ ಜಾಗ ಕೇಳುತ್ತಿದ್ದಾನೆ.