ಅವರ ಪರ್ಸಿನಲ್ಲಿ ಇನ್ನೆಷ್ಟಿದೆ?

2025ರ ಡಿಸೆಂಬರ್ 16, ಮಂಗಳವಾರ, ಮಧ್ಯಾಹ್ನ ಮೂರರ ಆಸುಪಾಸು. ಜಯನಗರ 4ನೇ ಬ್ಲಾಕಿನ ಒಂದು ದರ್ಶಿನಿ. ನಿಂತು ತಿನ್ನುವ ಮೇಜಿನ ಮೇಲೆ ನೀರಿನ ಜಗ್ಗಿಗೆ ಒರಗಿಸಿಟ್ಟ ಒಂದು ಮೊಬೈಲು, ಅದರ ಸುತ್ತ ನಾಲ್ಕು ತಲೆ, ನಡುವೆ ಆರುತ್ತಿರುವ ಎರಡು ಬೈ-ಟೂ ಕಾಫಿ. ಅಬುಧಾಬಿಯಲ್ಲಿ ಐಪಿಎಲ್ ಹರಾಜು ನಡೆಯುತ್ತಿತ್ತು. ಆಸ್ಟ್ರೇಲಿಯಾದ ಕ್ಯಾಮರೂನ್ ಗ್ರೀನ್‌ಗಾಗಿ ಕೋಲ್ಕತ್ತಾ, ಚೆನ್ನೈ ಎರಡೂ ಜಿದ್ದಿಗೆ ಬಿದ್ದಿದ್ದವು. ಬೆಂಗಳೂರಿನ ಮೇಜಿನವರು ಕೈ ಕಟ್ಟಿ ಕೂತಿದ್ದರು. ನಮ್ಮ ಪರ್ಸಿನಲ್ಲಿ ಇದ್ದದ್ದೇ 16 ಕೋಟಿ 40 ಲಕ್ಷ. ಆದರೂ ನಮ್ಮ ನಾಲ್ವರ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಕೋಲ್ಕತ್ತಾನೇ ತಗೊಳ್ಲಿ ಬಿಡು ಗುರು, ಅವರ ಪರ್ಸ್ ಖಾಲಿಯಾದಷ್ಟೂ ನಮಗೆ ಒಳ್ಳೇದು" ಅಂದ ಒಬ್ಬ. "ಚೆನ್ನೈಗೆ ಮಾತ್ರ ಹೋಗಬಾರದು" ಅಂದ ಇನ್ನೊಬ್ಬ. ಅವನಿಗೆ ಗ್ರೀನ್ ಮೇಲೆ ಪ್ರೀತಿಯೇನೂ ಇರಲಿಲ್ಲ. ಕಡೆಗೆ 25 ಕೋಟಿ 20 ಲಕ್ಷಕ್ಕೆ ಕೋಲ್ಕತ್ತಾದ ಪಾಲಾದಾಗ ನಮ್ಮ ಮೇಜಿನಲ್ಲಿ ಏನೋ ಗೆದ್ದ ಸಮಾಧಾನ.

ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ಹಿರಿಯರೊಬ್ಬರು ಕೇಳಿಯೇ ಬಿಟ್ಟರು: "ಯಾರದೋ ದುಡ್ಡು, ಯಾರೋ ಕೊಂಡರು. ನಿಮಗೇನಪ್ಪ ಬಂತು?" ನಾವು ನಕ್ಕು ಸುಮ್ಮನಾದೆವು. ಆದರೆ ಪ್ರಶ್ನೆ ಸುಮ್ಮನಿರಲಿಲ್ಲ. ನಮ್ಮ ತಂಡ ಯಾರನ್ನು ಕೊಂಡಿತು ಎಂದು ತಲೆ ಕೆಡಿಸಿಕೊಳ್ಳುವುದಕ್ಕೆ ಅರ್ಥವಿದೆ. ಎದುರಾಳಿ ಯಾರನ್ನು ಕೊಂಡ, ಯಾರನ್ನು ಬಿಟ್ಟ, ಯಾರನ್ನು ಅದಲುಬದಲು ಮಾಡಿಕೊಂಡ ಎಂದು ಗಂಟೆಗಟ್ಟಲೆ ವಾದ ಮಾಡುವುದು ಬರೀ ಕೆಲಸವಿಲ್ಲದವರ ಹರಟೆಯೇ? ಎದುರು ಮನೆಯವರು ಮದುವೆಗೆ ಎಷ್ಟು ಖರ್ಚು ಮಾಡಿದರು ಎಂದು ಲೆಕ್ಕ ಹಾಕುವ ಚಪಲವೇ?

ಚಪಲ ಇಲ್ಲ ಎನ್ನಲಾರೆ. ಆದರೆ ಅಭಿಮಾನಿ ನಿಜವಾಗಿ ಯೋಚನೆ ಮಾಡುವ ಕಾಲ ಅಂತ ಒಂದಿದ್ದರೆ ಅದು ಇದೇ ಎಂದು ನನ್ನ ಅನಿಸಿಕೆ. ಏಪ್ರಿಲ್, ಮೇ ತಿಂಗಳಲ್ಲಿ ಅವನು ಯೋಚಿಸುವುದಿಲ್ಲ, ಹರಕೆ ಹೊರುತ್ತಾನೆ. ಕೊನೆಯ ಓವರಿನಲ್ಲಿ ಕೂತ ಜಾಗ ಬದಲಿಸದೆ ಬೆರಳು ಮಡಚಿ ಕೂರುವವನಿಂದ ವಿಚಾರ ನಿರೀಕ್ಷಿಸಬಾರದು. ನವೆಂಬರ್, ಡಿಸೆಂಬರ್‌ನಲ್ಲಿ ಪಂದ್ಯ ಇರುವುದಿಲ್ಲ. ಇರುವುದು ರಿಟೈನ್ ಪಟ್ಟಿ, ರಿಲೀಸ್ ಪಟ್ಟಿ, ಪರ್ಸು, ಖಾಲಿ ಇರುವ ವಿದೇಶಿ ಸ್ಲಾಟು. ಚೆನ್ನೈ ಕೊಂಡದ್ದು ಸರಿಯೇ ತಪ್ಪೇ ಎಂದು ಹೇಳಬೇಕಾದರೆ ಚೆನ್ನೈಗೆ ಏನು ಕಡಿಮೆ ಇತ್ತು ಎಂದು ಗೊತ್ತಿರಬೇಕು. ಅವರ ಪಿಚ್ಚಿನಲ್ಲಿ ಚೆಂಡು ಹೇಗೆ ಬರುತ್ತದೆ, ಯಾರಿಗೆ ವಯಸ್ಸಾಯಿತು, ಡೆತ್ ಓವರ್ ಹಾಕಲು ಯಾರಿದ್ದಾರೆ ಎಂಬುದೆಲ್ಲ ತಿಳಿದಿರಬೇಕು. ಅಂದರೆ ಅಷ್ಟು ಹೊತ್ತು ನಾವು ಚೆನ್ನೈನ ಕುರ್ಚಿಯಲ್ಲಿ ಕೂತಿರಬೇಕು. ದ್ವೇಷಿಸುವವನ ಕುರ್ಚಿಯಲ್ಲಿ ಕೂತು ಅವನ ಕಷ್ಟ ಎಣಿಸುವ ಅಭ್ಯಾಸ ನಮಗೆ ಬೇರೆಲ್ಲಿ ಇದೆ? ರಾಜಕೀಯದಲ್ಲಿ ಇಲ್ಲ, ಸಿನಿಮಾದಲ್ಲಿ ಇಲ್ಲ, ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲಂತೂ ಇಲ್ಲವೇ ಇಲ್ಲ.

2025ರ ನವೆಂಬರಿನಲ್ಲಿ ಸಂಜು ಸ್ಯಾಮ್ಸನ್ ಚೆನ್ನೈಗೂ, ರವೀಂದ್ರ ಜಡೇಜ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೂ ಹೋದರು. ಬನಶಂಕರಿಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕಟ್ಟೆ ಮೇಲೆ ಕೂರುವ ನಮ್ಮ ಗುಂಪಿನಲ್ಲಿ ಒಂದು ವಾರ ಅದೇ ಮಾತು. ಧೋನಿಯ ನಂತರ ಸ್ಟಂಪ್ ಹಿಂದೆ ಯಾರು ಎಂಬ ಚಿಂತೆ ಅವರದು, ಅದಕ್ಕೆ ಸಂಜು ಎಂದು ಒಬ್ಬರು. ಇಷ್ಟು ವರ್ಷ ದುಡಿದವನನ್ನು ಕೊಟ್ಟುಬಿಟ್ಟರಲ್ಲ ಎಂದು ಇನ್ನೊಬ್ಬರು. ಕುತೂಹಲದ ಸಂಗತಿಯೆಂದರೆ, ಚೆನ್ನೈ ಎಂದರೆ ಮೂಗು ಮುರಿಯುವ ಒಬ್ಬರಿಗೇ ಜಡೇಜನಿಗೆ ಅನ್ಯಾಯವಾಯಿತು ಎಂದು ನಿಜವಾಗಿ ಬೇಜಾರಾಗಿತ್ತು. ಪಂದ್ಯದ ದಿನ ಜಡೇಜ ಔಟಾದರೆ ಕುಣಿಯುವ ಆಸಾಮಿ!

ಎದುರಾಳಿ ಎಂಬ ಮಾತಿಗೂ ನಮ್ಮ ಕಡೆ ಬೇರೆಯದೇ ಅರ್ಥ ಬಂದುಬಿಟ್ಟಿದೆ. ಅಮೆರಿಕದ ಬೇಸ್‌ಬಾಲಿನಲ್ಲಿ ಬಾಸ್ಟನ್ ಒಂದು ಊರು, ನ್ಯೂಯಾರ್ಕ್ ಇನ್ನೊಂದು ಊರು. 1919ರ ಕೊನೆಯಲ್ಲಿ ಬಾಸ್ಟನ್ ತಂಡ ಬೇಬ್ ರೂತ್‌ನನ್ನು ನ್ಯೂಯಾರ್ಕಿಗೆ ಮಾರಿತು. ಆಮೇಲೆ 2004ರವರೆಗೆ ಬಾಸ್ಟನ್ ಕಪ್ ಗೆಲ್ಲಲಿಲ್ಲ. ಆ ಸಂಕಟವನ್ನು ಒಂದು ಊರು ತನ್ನೊಳಗೇ ಅನುಭವಿಸಿತು. ಚಳಿಗಾಲದಲ್ಲಿ ಒಲೆ ಸುತ್ತ ಕೂತು ಇಂಥ ಕೊಡುಕೊಳ್ಳುವಿಕೆಯ ಬಗ್ಗೆ ಮಾತಾಡುವುದಕ್ಕೆ ಅವರಲ್ಲಿ 'ಹಾಟ್ ಸ್ಟೋವ್ ಲೀಗ್' ಎಂಬ ಹೆಸರೇ ಇದೆ. ನಮ್ಮ ಬಿಟಿಎಂ ಲೇಔಟಿನಲ್ಲಿ ಆ ಒಲೆಯ ಸುತ್ತ ಎಲ್ಲ ಊರಿನವರೂ ಕೂತಿರುತ್ತಾರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಹೆಸರಾದ ಬಡಾವಣೆ ಅದು. ಈಗ ಪಿಜಿಗಳ ಊರು. ಒಂದೇ ಕೋಣೆಯ ಮೂರು ಮಂಚದಲ್ಲಿ ಒಬ್ಬ ಚೆನ್ನೈ, ಒಬ್ಬ ಹೈದರಾಬಾದ್, ಒಬ್ಬ ಆರ್‌ಸಿಬಿ. ಎದುರಾಳಿ ಎಂದರೆ ದೂರದ ಊರಿನ ಮುಖ ಕಾಣದವನಲ್ಲ, ಮೇಲಿನ ಮಹಡಿಯ ಬಾಡಿಗೆದಾರ, ಆಫೀಸಿನ ಪಕ್ಕದ ಸೀಟಿನವನು. ಬೆಳಗ್ಗೆ ಅವನ ಬಕೆಟ್ಟಿನಲ್ಲೇ ನಾವು ಬಟ್ಟೆ ನೆನೆಸಿರುತ್ತೇವೆ. ಹಾಗಾಗಿ ಅವನ ತಂಡದ ಬಗ್ಗೆ ಬಾಯಿಗೆ ಬಂದದ್ದು ಹೇಳಿ ಜಾರಿಕೊಳ್ಳುವಂತಿಲ್ಲ. ಅವನು ಅಂಕಿ ಅಂಶ ಹಿಡಿದು ಅಡ್ಡ ನಿಲ್ಲುತ್ತಾನೆ.

ಇನ್ನೊಂದು ತೊಡಕು: ಎದುರಾಳಿಯ ಪಟ್ಟಿ ಬಿಚ್ಚಿದರೆ ಅದರಲ್ಲಿ ನಮ್ಮ ಹುಡುಗರೇ ಇರುತ್ತಾರೆ. 2024ರ ನವೆಂಬರಿನಲ್ಲಿ ಜೆಡ್ಡಾದ ದೊಡ್ಡ ಹರಾಜಿನಲ್ಲಿ ಕೆ.ಎಲ್. ರಾಹುಲ್‌ಗೆ ಬೆಂಗಳೂರು ಸ್ವಲ್ಪ ದೂರ ಕೂಗಿ ನಿಲ್ಲಿಸಿತು. 14 ಕೋಟಿಗೆ ಅವರು ಡೆಲ್ಲಿಯವರಾದರು. ಪ್ರಸಿದ್ಧ ಕೃಷ್ಣ 9.5 ಕೋಟಿಗೆ ಗುಜರಾತಿಗೆ ಹೋದರು, ಆ ವರ್ಷ 25 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ಹಾಕಿಕೊಂಡರು. ಕರುಣ್ ನಾಯರ್ 50 ಲಕ್ಷಕ್ಕೆ ಡೆಲ್ಲಿ ಸೇರಿದರು. ಅದಕ್ಕೆ ಮೊದಲೇ ಕರ್ನಾಟಕ ತಂಡದಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋಗಿದ್ದವರು ಅವರು, 2024-25ರಲ್ಲಿ ಆ ತಂಡ ರಣಜಿ ಗೆಲ್ಲುವುದಕ್ಕೆ ಹೆಗಲು ಕೊಟ್ಟರು. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ರಾಹುಲ್ ಔಟಾಗದೆ 93 ಹೊಡೆದು ಬೆಂಗಳೂರನ್ನು ಸೋಲಿಸಿ, ಬ್ಯಾಟಿನಲ್ಲಿ ನೆಲದ ಮೇಲೆ ಗೆರೆ ಎಳೆದು ಇದು ನನ್ನ ಜಾಗ ಎಂದು ತೋರಿಸಿದರು. 'ಕಾಂತಾರ' ಸಿನಿಮಾದಿಂದ ಬಂದ ಸನ್ನೆ ಎಂದು ಆಮೇಲೆ ಅವರೇ ಹೇಳಿದರು. ಆ ರಾತ್ರಿ ಜೆಪಿ ನಗರದ ನಮ್ಮ ನೆಂಟರ ಮನೆಯಲ್ಲಿ ಟಿವಿ ಮುಂದೆ ಕೂತಿದ್ದವರಲ್ಲಿ ಅರ್ಧ ಜನ ಬೈದರು, ಇನ್ನರ್ಧ ಜನ ಬೈಯಲಾರದೆ ಒಳಗೊಳಗೇ ಖುಷಿಪಟ್ಟರು. ನಾನು ಎರಡನೆಯ ಗುಂಪು. ಎದುರಾಳಿಯ ಖರೀದಿ ಒಳ್ಳೆಯದಿತ್ತು ಎಂದು ಅಂದು ಒಪ್ಪಿಕೊಂಡೆ. ನಮ್ಮವರು ಬಿಟ್ಟದ್ದು ತಪ್ಪು ಎಂದು ಬೈದುಕೊಂಡೆ ಕೂಡ.

ಅದೂ ತಪ್ಪೇ ಆಯಿತು. ಜೆಡ್ಡಾ ಹರಾಜಿನ ಮೊದಲ ದಿನ ಮುಗಿದಾಗ ನಮ್ಮ ಕಟ್ಟೆಯ ತೀರ್ಪು ಒಂದೇ: ಆರ್‌ಸಿಬಿಯವರಿಗೆ ಬುದ್ಧಿ ಇಲ್ಲ. ಸಿರಾಜ್‌ರನ್ನು 12.25 ಕೋಟಿಗೆ ಗುಜರಾತಿಗೆ ಬಿಟ್ಟರು. ಎರಡನೆಯ ದಿನ ವಿಲ್ ಜ್ಯಾಕ್ಸ್‌ಗೆ, ತಮ್ಮ ಹಳೆಯ ಆಟಗಾರನನ್ನು ಮರಳಿ ಪಡೆಯುವ ಆರ್‌ಟಿಎಂ ಹಕ್ಕು ಬಳಸದೆ, ಮುಂಬೈಗೆ ಬಿಟ್ಟುಕೊಟ್ಟರು. ಮುಂಬೈನ ಆಕಾಶ್ ಅಂಬಾನಿ ಎದ್ದು ಬಂದು ನಮ್ಮ ಮೇಜಿನವರ ಕೈ ಕುಲುಕಿದ್ದು ನೋಡಿ, ಏನೋ ಒಳ ಒಪ್ಪಂದ ಇದೆ ಎಂದು ಒಂದು ವಾರ ಕತೆ ಕಟ್ಟಿದೆವು. ಕೃಣಾಲ್ ಪಾಂಡ್ಯಗೆ 5.75 ಕೋಟಿ ದಂಡ ಎಂದೆವು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ ಬೆಂಗಳೂರು 6 ರನ್ನಿನಿಂದ ಗೆದ್ದು ಮೊದಲ ಕಪ್ ಎತ್ತಿದಾಗ ಪಂದ್ಯಪುರುಷ ಅದೇ ಕೃಣಾಲ್, 17 ರನ್ನಿಗೆ 2 ವಿಕೆಟ್. ಜೆಡ್ಡಾದಲ್ಲಿ ಯಾರಿಗೂ ಬೇಡವಾಗಿದ್ದ ಮಯಾಂಕ್ ಅಗರ್ವಾಲ್ ಗಾಯಾಳು ಪಡಿಕ್ಕಲ್ ಬದಲಿಗೆ ಬಂದು, ಲಖನೌ ಪಂದ್ಯದಲ್ಲಿ ಜಿತೇಶ್ ಶರ್ಮ 33 ಎಸೆತಕ್ಕೆ 85 ಹೊಡೆಯುವಾಗ ಇನ್ನೊಂದು ತುದಿ ಕಾಯ್ದು 41 ಮಾಡಿದ್ದರು. (ಕಪ್ಪಿನ ಮಾತು ಎತ್ತಿದರೆ ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ ಹೋದ 11 ಜೀವಗಳನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಅದು ಬೇರೆಯೇ ಬರಹ ಕೇಳುವ ವಿಷಯ.)

ಹಾಗಾದರೆ ಈ ಚರ್ಚೆಯಿಂದ ಏನು ಪ್ರಯೋಜನ, ನಮ್ಮ ಅಂದಾಜು ಸರಿಯಾಗುವುದೇ ಇಲ್ಲವಲ್ಲ ಎಂದು ಕೇಳಬಹುದು. ಸರಿಯಾಗಬೇಕಾದದ್ದು ಹಣ ಹೂಡಿದವರ ಅಂದಾಜು, ನಮ್ಮದಲ್ಲ. ನಮಗೆ ಬೇಕಾದದ್ದು ಕಾರಣ ಕೊಟ್ಟು ವಾದ ಮಾಡುವುದು, ಐದು ತಿಂಗಳ ನಂತರ ಅದು ಸುಳ್ಳಾದಾಗ ಅದೇ ಕಟ್ಟೆಯಲ್ಲಿ ಒಪ್ಪಿಕೊಳ್ಳುವುದು. ಕಟ್ಟೆಯ ಜನ ನೆನಪಿಟ್ಟಿರುತ್ತಾರೆ. "ಕೃಣಾಲ್ ದಂಡ ಅಂದಿದ್ದು ಯಾರಪ್ಪಾ?" ಎಂದು ಜೂನ್ 4ರ ಬೆಳಗ್ಗೆ ಆರು ಗಂಟೆಗೇ ನನ್ನನ್ನು ಹಿಡಿದರು.

ಈ ಮಾತುಕತೆ ಕೆಡುವ ಜಾಗ ಒಂದಿದೆ: ಬೆಲೆಯನ್ನು ಮನುಷ್ಯನ ಹಣೆಗೆ ಅಂಟಿಸಿದಾಗ. 2024ರಲ್ಲಿ ಮಿಚೆಲ್ ಸ್ಟಾರ್ಕ್ ಕೋಲ್ಕತ್ತಾಗೆ 24.75 ಕೋಟಿಗೆ ಬಂದು ಮೊದಲೆರಡು ಪಂದ್ಯದಲ್ಲಿ 100 ರನ್ ಕೊಟ್ಟು ಒಂದೂ ವಿಕೆಟ್ ತೆಗೆಯದಿದ್ದಾಗ, ಒಂದೊಂದು ಎಸೆತಕ್ಕೆ ಎಷ್ಟು ಲಕ್ಷ ಎಂದು ಭಾಗಾಕಾರ ಮಾಡಿ ನಗುವುದೇ ಕೆಲಸವಾಗಿತ್ತು. ಅದೇ ಸ್ಟಾರ್ಕ್ ಮೊದಲ ಕ್ವಾಲಿಫೈಯರ್ ಮತ್ತು ಫೈನಲ್ ಎರಡರಲ್ಲೂ ಪಂದ್ಯಪುರುಷನಾದ. ಅವನು ಗೆದ್ದ ಎಂಬುದಲ್ಲ ಇಲ್ಲಿಯ ವಿಷಯ. ಸೋತಿದ್ದರೂ ಆ ನಗು ಅನ್ಯಾಯವೇ. ಬೆಲೆ ಆಟಗಾರ ಕೇಳಿದ್ದಲ್ಲ. ಅವನು ಬರೆದುಕೊಡುವುದು ಬೇಸ್ ಪ್ರೈಸ್ ಮಾತ್ರ. ಅಲ್ಲಿಂದ ಮೇಲಕ್ಕೆ ಹೋಗುವುದು ಎರಡು ಮೇಜುಗಳ ಜಿದ್ದು. ಗ್ರೀನ್ ವಿಷಯದಲ್ಲಂತೂ 25 ಕೋಟಿ 20 ಲಕ್ಷ ಪೂರ್ತಿ ಅವನ ಜೇಬಿಗೆ ಹೋಗುವುದಿಲ್ಲ. ಸಣ್ಣ ಹರಾಜಿನಲ್ಲಿ ವಿದೇಶಿ ಆಟಗಾರನಿಗೆ 18 ಕೋಟಿಯ ಮಿತಿ ಇದೆ, ಮಿಕ್ಕದ್ದು ಬಿಸಿಸಿಐಗೆ. ಆದರೂ ಅವನು ಸೊನ್ನೆಗೆ ಔಟಾದ ದಿನ ನಾವು ಕೂಗುವುದು ಇಪ್ಪತ್ತೈದು ಕೋಟಿ ಎಂದೇ.

ಮನುಷ್ಯರನ್ನು ಹರಾಜು ಹಾಕುವುದೇ ಅಸಹ್ಯ ಎಂದು ದೂರ ನಿಲ್ಲುವವರ ಮಾತಿನಲ್ಲಿ ಹುರುಳಿದೆ. ಸೇಂಟ್ ಲೂಯಿಸ್ ತಂಡದಲ್ಲಿ 12 ವರ್ಷ ಆಡಿದ್ದ ಕರ್ಟ್ ಫ್ಲಡ್ ಎಂಬ ಬೇಸ್‌ಬಾಲ್ ಆಟಗಾರನನ್ನು 1969ರಲ್ಲಿ ಕೇಳದೆಯೇ ಫಿಲಡೆಲ್ಫಿಯಾಗೆ ಕೊಟ್ಟರು. ತಾನು ಕೊಂಡು ಮಾರುವ ಆಸ್ತಿಯಲ್ಲ ಎಂದು ಅವನು ಆಯುಕ್ತರಿಗೆ ಪತ್ರ ಬರೆದ, ಸುಪ್ರೀಂ ಕೋರ್ಟಿನವರೆಗೂ ಹೋದ, 1972ರಲ್ಲಿ ಸೋತ. ಅವನ ಆಟದ ಬದುಕು ಅಷ್ಟರಲ್ಲಾಗಲೇ ಮುಗಿದಿತ್ತು. ಆದರೆ 1975ರ ಕೊನೆಗೆ ಬೇರೆ ಇಬ್ಬರ ವ್ಯಾಜ್ಯದಲ್ಲಿ, ಆಟಗಾರನನ್ನು ತಂಡಕ್ಕೆ ಕಟ್ಟಿಹಾಕಿದ್ದ ಆ ಬೀಗ ಮುರಿಯಿತು. ಐಪಿಎಲ್‌ನಲ್ಲಿ ಅದಲುಬದಲಿಗೆ ಆಟಗಾರನ ಒಪ್ಪಿಗೆ ಬೇಕು, ಅಷ್ಟು ಮಟ್ಟಿಗೆ ಫ್ಲಡ್ ಕೇಳಿದ್ದು ಸಿಕ್ಕಿದೆ. ಹರಾಜಿನಲ್ಲಿ ಅದೂ ಇಲ್ಲ, ಯಾರ ಹಲಗೆ ಕೊನೆಗೆ ಮೇಲಿದ್ದರೆ ಅವರ ಊರು. 2022ರಲ್ಲಿ ಬೆಂಗಳೂರು ಕೈಬಿಟ್ಟ ಯುಜುವೇಂದ್ರ ಚಾಹಲ್ 6.5 ಕೋಟಿಗೆ ರಾಜಸ್ಥಾನ ಸೇರಿ ಅದೇ ವರ್ಷ 27 ವಿಕೆಟ್ ತೆಗೆದರು. ತಂಡ ಕೈಬಿಟ್ಟರೆ ಅದಕ್ಕೆ ನಾವು ಲೆಕ್ಕಾಚಾರ ಎನ್ನುತ್ತೇವೆ. ಆಟಗಾರ ತಾನಾಗಿ ಹೊರಟರೆ ದ್ರೋಹ ಎನ್ನುತ್ತೇವೆ. ಗುಜರಾತಿನಿಂದ ಮುಂಬೈಗೆ ಮರಳಿದ ಹಾರ್ದಿಕ್ ಪಾಂಡ್ಯರನ್ನು 2024ರಲ್ಲಿ ಮುಂಬೈನ ಜನವೇ ತಮ್ಮ ವಾಂಖೆಡೆಯಲ್ಲಿ ಹೀಯಾಳಿಸಿದ್ದನ್ನು ಕಂಡು ನಾವು ಜಯನಗರದವರು ಸಭ್ಯರಂತೆ ತಲೆ ಅಲ್ಲಾಡಿಸಿದೆವು. ನಮ್ಮಲ್ಲಿ ನಡೆದಿದ್ದರೆ ನಾವು ಬಾಯಿ ಮುಚ್ಚಿಕೊಂಡಿರುತ್ತಿದ್ದೆವೇ ಎಂಬುದು ನನಗೆ ಅನುಮಾನ.

ದರ್ಶಿನಿಗೆ ಮರಳುತ್ತೇನೆ. ಗ್ರೀನ್ ಮುಗಿದ ಸ್ವಲ್ಪ ಹೊತ್ತಿಗೆ ವೆಂಕಟೇಶ್ ಅಯ್ಯರ್ ಹೆಸರು ಬಂತು. ಹಿಂದಿನ ವರ್ಷ ಕೋಲ್ಕತ್ತಾ ಅವರಿಗೆ 23.75 ಕೋಟಿ ಕೊಟ್ಟಾಗ ಹೊಟ್ಟೆ ಹಿಡಿದು ನಕ್ಕವರು ನಾವು. ಅವರು ಇಡೀ ಸೀಸನ್ನಿನಲ್ಲಿ 142 ರನ್ ಮಾಡಿದಾಗ ಆ ಭಾಗಾಕಾರವನ್ನೂ ಮಾಡಿ ನಕ್ಕಿದ್ದೆವು. ಈಗ ಬೆಂಗಳೂರಿನ ಹಲಗೆ ಮೇಲೆದ್ದಿತು. ಏಳು ಕೋಟಿಗೆ ಸುತ್ತಿಗೆ ಬಿತ್ತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಅಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗೆಳೆಯನೇ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, "ಏಳಕ್ಕೆ ಸಿಕ್ಕಿದ್ದು ಲಾಭ ಮಗಾ, ಒಳ್ಳೆ ಪ್ಲೇಯರ್ರು" ಅಂದ. ನಾನೂ ಹೌದೆಂದೆ.