ಇಳಿಯದೆ ಮೇಲೇರಿದ ವಿಮಾನ

ಜನವರಿಯ ಮಂಜಿನ ಮುಂಜಾನೆ ದೆಹಲಿಯಲ್ಲಿ ಇಳಿಯಬೇಕಾದ ವಿಮಾನ ನೆಲದ ಸಮೀಪಕ್ಕೆ ಬಂದು, ಒಮ್ಮೆಲೇ ಗರ್ಜಿಸಿ ಮತ್ತೆ ಮೇಲೇರಿದರೆ, ಒಳಗಿನವರ ಗೊಣಗಾಟ ಶುರುವಾಗುತ್ತದೆ. ಪೈಲಟ್ ಅನನುಭವಿಯಿರಬೇಕೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಗೊಣಗಾಟ ಅನ್ಯಾಯದ್ದೆಂದು ನನ್ನ ವಾದ.

ರನ್‌ವೇ ಆರಂಭವಾಗುವುದಕ್ಕೂ ಸುಮಾರು 900 ಮೀಟರ್ ಮೊದಲೇ ಅಪ್ರೋಚ್ ದೀಪಗಳ ಸಾಲು ಮೊದಲಾಗುತ್ತದೆ. ನಡುಗೆರೆಯ ಬಿಳಿಯ ದೀಪಗಳು ದಿಕ್ಕು ತೋರಿಸುತ್ತವೆ. ಅವಕ್ಕೆ ಅಡ್ಡಲಾಗಿರುವ ದೀಪಪಟ್ಟಿ ರೆಕ್ಕೆಗಳು ಸಮವಾಗಿವೆಯೇ ಎಂಬುದನ್ನು ತಿಳಿಸುತ್ತದೆ. ಮಂಜಿನಲ್ಲಿ ದಿಗಂತ ಕಾಣದವನಿಗೆ ಅದೇ ದಿಗಂತ. ರನ್‌ವೇಯ ಹೊಸ್ತಿಲಲ್ಲಿ ಹಸಿರು. 900 ಎಂಬ ಸಂಖ್ಯೆಗೂ ಅರ್ಥವಿದೆ. ಉಪಕರಣಗಳ ನೆರವಿನಿಂದ ಇಳಿಯುವ ಮೊದಲ ದರ್ಜೆಯ ಕ್ರಮದಲ್ಲಿ ಪೈಲಟ್ 200 ಅಡಿ ಎತ್ತರದಲ್ಲಿ ನಿರ್ಧರಿಸಬೇಕು. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ಆಗ ಹೆಚ್ಚುಕಡಿಮೆ ಈ ಸಾಲಿನ ಹೊರತುದಿಯ ಮೇಲಿರುತ್ತದೆ. ದೀಪ ಕಂಡರೆ ಮುಂದುವರಿಯಬಹುದು, ಕಾಣದಿದ್ದರೆ ಏರಲೇಬೇಕು. ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಇಡೀ ಸಾಲು 13 ಸೆಕೆಂಡುಗಳಲ್ಲಿ ಹಿಂದೆ ಸರಿದುಹೋಗುತ್ತದೆ.

ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪಗಳ ಇನ್ನೊಂದು ಕಿರುಸಾಲಿದೆ. ಅದರ ಹೆಸರು ಪಾಪಿ! ಕನ್ನಡದ ಕಿವಿಗೆ ಹೇಗೆ ಕೇಳಿಸಿದರೂ ಅದು ಪುಣ್ಯದ ಕೆಲಸವನ್ನೇ ಮಾಡುತ್ತದೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ವಿಮಾನ ತೀರಾ ಕೆಳಗಿದೆ, ನಾಲ್ಕೂ ಬಿಳಿಯಾದರೆ ತೀರಾ ಮೇಲಿದೆ.

ಆದರೆ ದೀಪಗಳಾಗಲಿ ಉಪಕರಣಗಳಾಗಲಿ ತಿಳಿಸಬಲ್ಲವೇ ಹೊರತು ತಡೆಯಲಾರವು. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನಲ್ಲಿ ರನ್‌ವೇಯನ್ನು ಮರೆಮಾಡುವ ಮಂಜಿರಲಿಲ್ಲ. ಮುಂಬೈಯ ನಮ್ಮ ಎಷ್ಟೋ ಮನೆಗಳಿಗೆ ಅದು ಊರಿನ ನಿಲ್ದಾಣ. ದುಬೈಯಿಂದ ಬಂದ ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಸಹಪೈಲಟ್ ‘ಗೋ ಅರೌಂಡ್’ ಎಂದು ಎಚ್ಚರಿಸಿದ್ದರೂ ಇಳಿಕೆ ಮುಂದುವರಿಯಿತೆಂದು ತನಿಖಾ ವರದಿ ದಾಖಲಿಸಿದೆ. 158 ಮಂದಿ ತೀರಿಕೊಂಡರು.

ಆ ವಿಮಾನ ಮೇಲೇರಿ ಒಂದು ಸುತ್ತು ಹಾಕಿ ಬಂದಿದ್ದರೆ, ಅದರೊಳಗೂ ಯಾರೋ ಗೊಣಗುತ್ತಿದ್ದರು.

ನಮಗೆ ಪಕ್ಕದ ಕಿಟಕಿಯಷ್ಟೇ ಗತಿ. ಎದುರಿನ ಆ ದೀಪಗಳು ಪ್ರಯಾಣಿಕನಿಗೆ ಕಾಣುವುದಿಲ್ಲ. ಆದ್ದರಿಂದ ವಿಮಾನ ಸಂಸ್ಥೆಗಳಲ್ಲಿ ನನ್ನ ಕೋರಿಕೆ ಸಣ್ಣದು. ಮೇಲೇರಿ, ಕೈ ಬಿಡುವಾದ ಮೇಲೆ, ಕ್ಯಾಪ್ಟನ್ ಒಂದೇ ವಾಕ್ಯ ಹೇಳಲಿ: ದೀಪ ಕಾಣಲಿಲ್ಲ, ಅಥವಾ ಎತ್ತರ ಸರಿಯಿರಲಿಲ್ಲ, ಅಥವಾ ಮುಂದಿನ ವಿಮಾನ ಇನ್ನೂ ರನ್‌ವೇ ಬಿಟ್ಟಿರಲಿಲ್ಲ. ‘ತಾಂತ್ರಿಕ ಕಾರಣ’ ಎಂಬ ಸವಕಲು ಮಾತು ಮಾತ್ರ ಬೇಡ.